ಒಂದು ಮೊರ ನುಚ್ಚಿಗೆ ಹೋದ ಹುಡುಗನ ಬಾಬ್ತು

ದೇವದುರ್ಗ
ಜೂನ್ 1979

ಇಂದ,
ಅಯ್ಯಣ್ಣ, ಜವಾನ,
ತಹಶೀಲ್ ಕಚೇರಿ, ದೇವದುರ್ಗ
(ತಮ್ಮ ಬಾಗಿಲ ಹೊರಗಿನ ಸ್ಟೂಲು)

ಗೆ,
ಮಾನ್ಯ ತಹಶೀಲ್ದಾರ್ ಸಾಹೇಬರು,
ತಹಶೀಲ್ ಕಚೇರಿ, ದೇವದುರ್ಗ
(ಸದರಿ ಬಾಗಿಲ ಒಳಗೆ)

ವಿಷಯ: ಒಂದು ಮೊರ ಜೋಳದ ನುಚ್ಚಿಗೆ ಮಾರಲ್ಪಟ್ಟ ಮೌನಪ್ಪ ಎಂಬ ಐದು ವರ್ಷದ ಹುಡುಗ ಯಾರ ಮಗನೆಂದು ಸದ್ದಿಲ್ಲದೆ ದಾಖಲೆ ಮಾಡಿಕೊಡುವ ಕುರಿತು.

ಉಲ್ಲೇಖ: 1) ಓಣಿಯ ಶಾಲೆಯ ಹೆಡ್‌ಮಾಸ್ತರರು ಅರ್ಜಿದಾರನಿಗೆ ಬಾಯಿಮಾತಿನಲ್ಲಿ ಕೊಟ್ಟ ತಾಕೀತು. 2) ಮೊನ್ನೆ ಚಹಾ ತಂದಿಟ್ಟಾಗ ತಾವು "ಏನಪ್ಪಾ, ಮುಖ ಯಾಕೆ ಸಪ್ಪಗಿದೆ?" ಎಂದು ಕೇಳಿದ್ದು ಮತ್ತು ಅರ್ಜಿದಾರನು "ಏನಿಲ್ಲ ಸರ್" ಎಂದು ಸುಳ್ಳು ಹೇಳಿದ್ದು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿ ಅರ್ಜಿದಾರನು ತಮ್ಮ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿಯಲ್ಲಿ ಅರ್ಜಿದಾರನು ತನ್ನನ್ನು ಎಲ್ಲಿಯೂ "ನಾನು" ಎಂದು ಕರೆದುಕೊಂಡಿರುವುದಿಲ್ಲ. ಏಕೆಂದರೆ "ನಾನು, ನಾನು" ಎಂದು ಗೋಳು ತೋಡಿಕೊಂಡ ಅರ್ಜಿಗಳು ತಮ್ಮ ಮೇಜಿನ ಕೆಳಗಿನ ಬುಟ್ಟಿಗೆ ಹೋಗುವುದನ್ನೂ, "ಸದರಿ ಅರ್ಜಿದಾರನು" ಎಂದು ಬರೆದವು ಫೈಲಿಗೆ ಹೋಗುವುದನ್ನೂ ಅವನು ಸ್ಟೂಲಿನ ಮೇಲೆ ಕೂತು ಕಣ್ಣಾರೆ ಕಂಡಿದ್ದಾನೆ. ಸಂಗತಿಗಳು ಕೆಳಗಿನಂತೆ ಇರುತ್ತವೆ.

1. ಅರ್ಜಿದಾರನ ಹೆಂಡತಿಯ ಹೆಸರು ಮೂಕಮ್ಮ. ಮಗನ ಹೆಸರು ಮೌನಪ್ಪ. ಹೆಸರು ಕೇಳಿ ತಾವು ಇವನದು ಬಹಳ ಶಾಂತವಾದ ಸಂಸಾರವೆಂದು ತಿಳಿಯುವ ಸಂಭವವಿದೆ. ಸ್ಥಳ ಪರಿಶೀಲನೆಗೆ ತಾವು ಒಮ್ಮೆ ಮನೆಗೆ ದಯಮಾಡಿಸಿದರೆ, ಆ ಮನೆಯಲ್ಲಿ ಮಾತಾಡಲು ಪಾಳಿ ಸಿಗದೆ ಕೂತಿರುವವನು ಅರ್ಜಿದಾರನೊಬ್ಬನೇ ಎಂಬುದು ಮನದಟ್ಟಾಗುತ್ತದೆ.

2. ಮೌನಪ್ಪನಿಗಿಂತ ಮೊದಲು ಅರ್ಜಿದಾರನಿಗೆ ಎರಡು ಕೂಸು ಹುಟ್ಟಿದ್ದವು. ತೊಟ್ಟಿಲು ಬೆಚ್ಚಗಾಗುವ ಮೊದಲೇ ಎರಡೂ ಹೋದವು. ಈ ಕಲಮು ಬರೆಯುವಾಗ ಪೆನ್ನು ಮುಂದಕ್ಕೆ ಹೋಗದ ಕಾರಣ ಇದನ್ನು ಇಲ್ಲಿಗೇ ಮುಗಿಸಲಾಗಿದೆ.

3. ಆದ್ದರಿಂದ ಮೌನಪ್ಪ ಹುಟ್ಟಿದ ಮೂರನೆಯ ದಿನ ಅರ್ಜಿದಾರನ ಅತ್ತೆಯಾದ ಮಾನಮ್ಮನವರು ತಮ್ಮ ಊರಾದ ಗೂಗಲ್ ಗ್ರಾಮದಿಂದ ಎದ್ದುಬಿದ್ದು ಬಂದು ಒಂದು ಆದೇಶ ಹೊರಡಿಸಿದರು. ಆದೇಶದ ಸಾರಾಂಶ ಅವರ ಮಾತಿನಲ್ಲೇ ಹೀಗಿದೆ:

"ಮೂಕಮ್ಮನ ಮಗ ಅಂತ ಕಿವಿಗಿ ಬಿತ್ತಂದ್ರ ಆ ವಿಧಿ ಹುಡುಕ್ಯಾಡಿಕೊಂತ ಮನಿತನಕ ಬರ್ತದ. ಬ್ಯಾರೆ ಮನಿ ಹುಡುಗ ಅಂದ್ರ ದಾಟಿ ಮುಂದಕ್ಕ ಹೋಗ್ತದ. ಕೂಸಿನ್ನ ಮಾರಿಬಿಡ್ರಿ."

ಅದು ನಮ್ಮ ಕಡೆಯ ಹಳೆಯ ಪದ್ಧತಿ. ಮಕ್ಕಳು ನಿಲ್ಲದ ಮನೆಯವರು ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ, ಹೊಸ್ತಿಲ ಮೇಲಿಂದ ನೆರೆಮನೆಯವರಿಗೆ ಮಾರುತ್ತಾರೆ. ಕೊಂಡವರು ಅದನ್ನು "ನಮ್ಮ ಕೂಸನ್ನು ಸಾಕಿಕೊಡ್ರಿ" ಎಂದು ಹಡೆದವರಿಗೇ ಒಪ್ಪಿಸಿ ಹೋಗುತ್ತಾರೆ. ಅದರಂತೆ ಎದುರು ಮನೆಯ ಬಳೆ ವ್ಯಾಪಾರಿ ಸತ್ತಾರ್ ಸಾಬರ ಹೆಂಡತಿ ಮುನ್ನೀ ಬೀಯವರು ಒಂದು ಮೊರ ಜೋಳದ ನುಚ್ಚು ತಂದು ಸುರಿದು, ಮೌನಪ್ಪನನ್ನು ಖರೀದಿಸಿ, ತಮ್ಮ ಬಾಗಿಲತನಕ ಒಯ್ದು, ಹಣೆಗೆ ಮುತ್ತಿಟ್ಟು, ಒಂದು ಚಹಾ ಕುದಿಯುವಷ್ಟರಲ್ಲಿ ಹಾಲು ಕುಡಿಸಲು ವಾಪಸ್ ತಂದರು. ಸದರಿ ನುಚ್ಚನ್ನು ಅರ್ಜಿದಾರನ ಮನೆಯವರು ಅದೇ ಸಂಜೆ ಬೇಯಿಸಿ ಉಂಡಿರುವುದರಿಂದ ಅದನ್ನು ಸಾಕ್ಷಿಯಾಗಿ ಹಾಜರುಪಡಿಸಲು ಸಾಧ್ಯವಿರುವುದಿಲ್ಲ.

ಮಾನಮ್ಮನವರು ಊರಿಗೆ ಹೊರಡುವ ಮುನ್ನ ಒಂದು ಷರತ್ತು ಹಾಕಿದರು. ಹುಡುಗನನ್ನು ಮುಂದೆ ಶಾಸ್ತ್ರೋಕ್ತವಾಗಿ ಬಿಡಿಸಿಕೊಳ್ಳುವವರೆಗೂ ಹಡೆದವರು ಬಾಯಿ ತಪ್ಪಿಯೂ "ನನ್ನ ಮಗ" ಎನ್ನಕೂಡದು. ಅರ್ಜಿದಾರನು ಆಗಾಗ ತಪ್ಪುವುದರಲ್ಲಿದ್ದು ನಾಲಿಗೆ ಕಚ್ಚಿಕೊಂಡಿದ್ದುಂಟು. ಮೂಕಮ್ಮ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಐದು ವರ್ಷ "ಏ ಮುನ್ನೀ ಬೀ ಹುಡುಗಾ, ಉಣ್ಣಾಕ ಬಾ", "ಏ ಮುನ್ನೀ ಬೀ ಹುಡುಗಾ, ಮೂಗು ಒರಸಿಕೊ" ಎಂದೇ ಕರೆದಳು. ಹುಡುಗ ಅದನ್ನು ತನ್ನ ಅಡ್ಡಹೆಸರೆಂದು ತಿಳಿದು ಆರಾಮವಾಗಿದ್ದ.

4. ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಸದರಿ ಮೌನಪ್ಪನು ಸೀಮೆಎಣ್ಣೆಯ ಡಬ್ಬಿಯಲ್ಲಿ ಕಾಗದದ ದೋಣಿ ಬಿಡುವ ಪ್ರಯೋಗ ಕೈಗೊಂಡು, ತಿಂಗಳ ಸೀಮೆಎಣ್ಣೆಯನ್ನು ಅಡುಗೆಮನೆಯ ನೆಲಕ್ಕೆ ಕುಡಿಸಿದನು. ಮೂಕಮ್ಮ ಸಿಟ್ಟು ನೆತ್ತಿಗೇರಿ, "ನಿನ್ನ ಅವತ್ತ ಮಾರಿದ್ದ ಚೊಲೊ ಆತು ನೋಡು!" ಎಂದಳು.

ಹುಡುಗ ಅಳು ನಿಲ್ಲಿಸಿ ಕೇಳಿದ, "ನನ್ನ ಮಾರೀರೇನು?"

"ಹೂಂ, ಮಾರೀವಿ."

"ಎಷ್ಟಕ್ಕ?"

"ಒಂದು ಮೊರ ನುಚ್ಚಿಗಿ."

"ಬರೀ ನುಚ್ಚಿಗಿ?" ಎಂದವನ ಮುಖ ನೋಡಬೇಕಿತ್ತು. ಮಾರಿದ್ದಕ್ಕಿಂತ ಅಗ್ಗಕ್ಕೆ ಮಾರಿದ್ದೇ ಅವನಿಗೆ ನಾಟಿತು. "ಜೋಳ ಆದ್ರೂ ಇಸಕೋಬಾರದಿತ್ತಾ?" ಎಂದು, ಗೂಟದ ಮೇಲಿನ ತನ್ನ ಅಂಗಿ ಮತ್ತು ಬುಗುರಿ ತೆಗೆದುಕೊಂಡು ಎದುರು ಮನೆಗೆ ಹೊರಟುಹೋದ. ಅರ್ಜಿದಾರನು ಕಚೇರಿಯಿಂದ ಬಂದಾಗ ಮುನ್ನೀ ಬೀಯವರ ಮಗಳು ಜಾಹೆದಾ ಬಾಗಿಲಲ್ಲೇ ನಿಂತು, "ಅವ ಇನ್ಮ್ಯಾಲೆ ನಮ್ಮ ಕಡೀನ ಇರ್ತಾನಂತ ಚಾಚಾ. ನಿಮಗ ಹೇಳು ಅಂದಾನ" ಎಂದು ವರದಿ ಒಪ್ಪಿಸಿದಳು.

5. ಮಗು ಚರ ಆಸ್ತಿಯೋ ಸ್ಥಿರ ಆಸ್ತಿಯೋ ಎಂಬ ಬಗ್ಗೆ ಅರ್ಜಿದಾರನು ನಮ್ಮ ಕಚೇರಿಯ ಗುಮಾಸ್ತರನ್ನು ಸುತ್ತುಬಳಸಿ ವಿಚಾರಿಸಲಾಗಿ, ಒಂದು ಕಡೆ ನಿಲ್ಲದ್ದೆಲ್ಲ ಚರ ಎಂದು ತಿಳಿದುಬಂತು. ಹಾಗಾದರೆ ಮೌನಪ್ಪನಷ್ಟು ಚರವಾದ ಆಸ್ತಿ ಈ ತಾಲ್ಲೂಕಿನಲ್ಲೇ ಇನ್ನೊಂದಿಲ್ಲ. ಏಕೆಂದರೆ ಅವನು ಅಂದಿನಿಂದ ತನಗೆ ಬೇಕಾದಾಗ ಆ ಮನೆಯವನಾಗಿಯೂ ಬೇಕಾದಾಗ ಈ ಮನೆಯವನಾಗಿಯೂ ವಹಿವಾಟು ನಡೆಸತೊಡಗಿದನು. ಮೂಕಮ್ಮ ರೊಟ್ಟಿಯ ಜೊತೆ ಪುಂಡಿಪಲ್ಯ ಬಡಿಸಿದರೆ, "ಕೊಟ್ಟ ಹುಡುಗನ ಮ್ಯಾಲೆ ಜೋರು ಮಾಡಬಾರದು" ಎನ್ನುವನು. ಮುನ್ನೀ ಬೀಯವರು ಬಿಸಿನೀರು ಕಾಯಿಸಿ ಸ್ನಾನಕ್ಕೆ ಕರೆದರೆ, "ಮೈ ತೊಳಿಯೂದು ನಮ್ಮವ್ವನ ಕೆಲಸರೀ ಅಮ್ಮೀ" ಎಂದು ರಸ್ತೆ ದಾಟುವನು. ಇಲ್ಲಿ ಬಂದರೆ, "ಕೊಂಡವರು ತೊಳೀಲಿ" ಎನ್ನುವನು. ಹೀಗೆ ಎರಡು ಮನೆಯ ನಡುವೆ ಕಡತ ಓಡಾಡಿದ್ದೇ ಓಡಾಡಿದ್ದು, ಹುಡುಗನ ಮೈಗೆ ನೀರು ಬೀಳಲಿಲ್ಲ. ಈ ತಂತ್ರವನ್ನು ಅವನು ಎಲ್ಲಿ ಕಲಿತನೆಂದು ಅರ್ಜಿದಾರನಿಗೆ ಗೊತ್ತಿದೆ. ಊಟದ ಡಬ್ಬಿ ತರುವ ನೆಪದಲ್ಲಿ ಅವನು ಕೆಲವು ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ಕೂತಿದ್ದುಂಟು.

ಹರಳೆಣ್ಣೆ ಕುಡಿಸುವ ದಿನವಂತೂ ಅವನು ಇಬ್ಬರನ್ನೂ ಕೈಬಿಟ್ಟ. ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದು ಕೈಯಲ್ಲಿ ಬೆಲ್ಲ ಹಿಡಿದು ಇಬ್ಬರು ತಾಯಂದಿರೂ ಎರಡು ಕಡೆಯಿಂದ ಬಂದಾಗ, ಬೇವಿನ ಮರ ಹತ್ತಿ, "ನಾ ಯಾರವನೂ ಅಲ್ಲ! ನಾ ಸರಕಾರದವ!" ಎಂದು ಕೂಗಿದ. ಸದರಿ ಹೇಳಿಕೆಯಿಂದ ಸರ್ಕಾರಕ್ಕೆ ಯಾವ ಜವಾಬ್ದಾರಿಯೂ ಬರುವುದಿಲ್ಲವೆಂದು ಅರ್ಜಿದಾರನು ಈ ಮೂಲಕ ಸ್ಪಷ್ಟಪಡಿಸುತ್ತಾನೆ.

6. ಈ ಜೂನ್ ತಿಂಗಳಲ್ಲಿ ಅರ್ಜಿದಾರನು ಹುಡುಗನ ತಲೆಗೆ ಎಣ್ಣೆ ಹಚ್ಚಿಸಿ, ಹೊಸ ಚಡ್ಡಿ ತೊಡಿಸಿ, ಒಂದನೆಯ ಇಯತ್ತೆಗೆ ಸೇರಿಸಲು ಶಾಲೆಗೆ ಕರೆದೊಯ್ದನು. ಹೆಡ್‌ಮಾಸ್ತರ ಹನುಮಂತ್ರಾಯರು ಕನ್ನಡಕ ಏರಿಸಿ, "ಏನಪಾ ತಮ್ಮಾ, ನಿಮ್ಮಪ್ಪನ ಹೆಸರೇನು?" ಎಂದು ಕೇಳಿದರು.

ಮೌನಪ್ಪ ಕೈಕಟ್ಟಿ ನಿಂತು ಬಹಳ ಮರ್ಯಾದೆಯಿಂದ ಮರುಪ್ರಶ್ನೆ ಹಾಕಿದ, "ಹಡದವರ ಹೆಸರು ಬೇಕ್ರಿ, ಕೊಂಡವರ ಹೆಸರು ಬೇಕ್ರಿ?"

ಅರ್ಜಿದಾರನು ನಡುವೆ ಬಾಯಿ ಹಾಕಿ, "ಬರಕೊಳ್ರಿ ಸರ್, ಅಯ್ಯಣ್ಣ ಅಂತ" ಎಂದನು. ಹುಡುಗ, "ಇವರು ಸಾಕಾಕ ಇಟ್ಟುಕೊಂಡಾರ್ರಿ" ಎಂದನು. ಮಾಸ್ತರರು "ಇಂವ ನಿನ್ನ ಮಗ ಹೌದೋ ಅಲ್ಲೋ?" ಎಂದು ನೇರವಾಗಿ ಕೇಳಿದಾಗ, ಅರ್ಜಿದಾರನು ಅತ್ತೆಯ ಷರತ್ತು ನೆನಪಾಗಿ, ಬಾಯಿ ತೆರೆದು ಮುಚ್ಚಿ, ಕೊನೆಗೆ ಕೆಮ್ಮಿದನು. ಕೆಮ್ಮನ್ನು ಯಾವ ಕಾಲಮ್ಮಿನಲ್ಲೂ ಬರೆಯಲು ಬಾರದ ಕಾರಣ ಹೆಡ್‌ಮಾಸ್ತರರು ಪೆನ್ನು ಮುಚ್ಚಿಟ್ಟು, "ನಿಮ್ಮ ತಹಶೀಲ್ ಕಚೇರಿದು ಶಿಕ್ಕಾ ಇರೋ ಕಾಗದ ತಗೊಂಡು ಬಾ. ಅಲ್ಲಿತನಕ ಇಂವನ್ನ ಹಚ್ಚಿಕೊಳ್ಳಂಗಿಲ್ಲ" ಎಂದರು.

7. ಕಾಗದಕ್ಕಿಂತ ಮೊದಲು ಹುಡುಗನನ್ನೇ ಬಿಡಿಸಿಕೊಳ್ಳುವುದು ವಾಸಿಯೆಂದು ಮಾನಮ್ಮನವರನ್ನು ಗೂಗಲ್‌ನಿಂದ ಪುನಃ ಕರೆಸಲಾಯಿತು. ಅವರು, "ಹೋಗುವಾಗ ಮೊರದಾಗ ಹೋಗ್ಯಾನ. ಬರುವಾಗೂ ಮೊರದಾಗ ಬರಬೇಕು" ಎಂದು ಅಪ್ಪಣೆ ಕೊಡಿಸಿದರು. ಮೂರು ದಿನದ ಕೂಸಿಗೂ ಐದು ವರ್ಷದ ಹುಡುಗನಿಗೂ ಇರುವ ವ್ಯತ್ಯಾಸವನ್ನು ಅರ್ಜಿದಾರನು ವಿನಯಪೂರ್ವಕವಾಗಿ ಮಂಡಿಸಿದರೂ ಅವರು ಅದನ್ನು ಪರಿಗಣಿಸಲಿಲ್ಲ.

ಮುನ್ನೀ ಬೀಯವರು ಮೊದಲು ಒಪ್ಪಲಿಲ್ಲ. "ಕೊಡೂದಾದ್ರ ಯಾಕ ಮಾರಿದ್ರಿ ಅಯ್ಯಣ್ಣ ಭಾಯ್? ನನ್ನ ಹೆಸರಿನಾಗ ಐದು ವರ್ಷ ಆರಾಮ ಇಲ್ಲೇನು?" ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಆಮೇಲೆ, "ಸಾಲಿ ಸಲುವಾಗಿ ಅಂದ್ರ ಒಯ್ಯಿರಿ. ಈದ್ ದಿನ ಮಾತ್ರ ನನ್ನ ಕಡೀನ ಉಣ್ಣಬೇಕು" ಎಂಬ ಷರತ್ತಿನ ಮೇಲೆ ಒಪ್ಪಿದರು. ಇಷ್ಟು ಹೇಳಿ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೊದಲನೆಯ ಮೊರ, ಮೌನಪ್ಪ ಅದರಲ್ಲಿ ಕೂತು "ಎತ್ರಿ" ಎಂದ ಕ್ಷಣವೇ ಹರಿಯಿತು. ಎರಡನೆಯದರಲ್ಲಿ ಅವನು ಬಸ್ ಡ್ರೈವರನ ಹಾಗೆ ಕೂತು, ಬಾಯಲ್ಲಿ ಹಾರ್ನ್ ಹೊಡೆದು, ತಿರುವಿನಲ್ಲಿ ಇಡೀ ಮೈ ವಾಲಿಸಿದ್ದರಿಂದ ಮೊರದ ಜೊತೆ ಸತ್ತಾರ್ ಸಾಬರೂ ಗಟಾರದ ಅಂಚಿಗೆ ಬಿದ್ದರು. ಮೂರನೆಯ ಸಲ ಮೊರದ ಕೆಳಗೆ ಹಳೆಯ ಹಲಗೆಯೊಂದನ್ನು ಕೊಟ್ಟು, ಒಂದು ಕಡೆ ಅರ್ಜಿದಾರ, ಇನ್ನೊಂದು ಕಡೆ ಸತ್ತಾರ್ ಸಾಬರು ಹಿಡಿದು, ಓಣಿಯ ಮಧ್ಯದವರೆಗೆ ಯಶಸ್ವಿಯಾಗಿ ತಂದರು. ಆಗ ಮೊರದಲ್ಲಿದ್ದವನು ಕೈ ಎತ್ತಿ, "ನಿಂದರ್ರಿ" ಎಂದ. ನಿಂತರು.

"ನನ್ನ ಯಾರು ಕೊಳ್ಳಾಕತ್ತಾರ?"

"ನಿಮ್ಮವ್ವ ಕೊಳ್ಳಾಕತ್ತಾಳಪಾ" ಎಂದರು ಸತ್ತಾರ್ ಸಾಬರು, ಏದುಸಿರು ಬಿಡುತ್ತ.

"ಹಂಗಂದ್ರ ಅಕಿ ಬಾಯಿಲೆ ಹೇಳ್ಲಿ. ನನ್ನ ಮಗ ಅಂತ ಹೇಳ್ಲಿ."

ಮೂಕಮ್ಮ ಹೊಸ್ತಿಲ ಮೇಲೆ ನುಚ್ಚಿನ ಬುಟ್ಟಿ ಹಿಡಿದು ನಿಂತಿದ್ದಳು. ಬಾಯಿ ತೆರೆದಳು. ಐದು ವರ್ಷ ಹಿಡಿದಿಟ್ಟ ಮಾತು ಹೊರಗೆ ಬರಲಿಲ್ಲ. "ಏ ಮುನ್ನೀ ಬೀ ಹು..." ಎಂದು ರೂಢಿಯಂತೆ ಶುರುಮಾಡಿ, ಗಾಬರಿಯಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಹುಡುಗನ ಕೆಳತುಟಿ ನಡುಗಿದ್ದನ್ನು ಅರ್ಜಿದಾರನು ಹತ್ತಿರದಿಂದ ನೋಡಿದ್ದಾನೆ. ತಂಟೆ ತಂಟೆ ಎಂದು ಇಷ್ಟು ದಿನ ಬೈದದ್ದೆಲ್ಲ ಹುಡುಗ ಈ ಒಂದು ಮಾತು ಕೇಳಲು ಮಾಡಿದ್ದೆಂದು ಅರ್ಜಿದಾರನಿಗೆ ಆಗ ತಿಳಿಯಿತು. ಮೌನಪ್ಪ ಮೊರದಿಂದ ಇಳಿದು, "ನೋಡಿದ್ರಾ, ಅನ್ನಂಗಿಲ್ಲ" ಎಂದು ಮುನ್ನೀ ಬೀಯವರ ಮನೆಗೆ ವಾಪಸ್ ನಡೆದ.

8. ಮರುದಿನ ಮಾನ್ವಿಯ ಸಂತೆ. ಸತ್ತಾರ್ ಸಾಬರು ಬಳೆಯ ಟ್ರಂಕು ಬಸ್ಸಿನಲ್ಲಿಟ್ಟು ಚಹಾ ಕುಡಿಯಲು ಇಳಿದಿದ್ದರು. ಅರ್ಜಿದಾರನು ತಾವು ಕೊಟ್ಟಿದ್ದ ರಾಯಚೂರಿನ ಕವರನ್ನು ಬಸ್ಸಿಗೆ ಹಾಕಲು ಅದೇ ಬಸ್‌ಸ್ಟ್ಯಾಂಡಿಗೆ ಬಂದಿದ್ದನು. ಆಗ ಮೂಕಮ್ಮ ಮತ್ತು ಮುನ್ನೀ ಬೀಯವರು ಚಪ್ಪಲಿಯೂ ಇಲ್ಲದೆ, "ಹುಡುಗ ಎರಡೂ ಮನಿಯಾಗ ಇಲ್ಲ!" ಎಂದು ಓಡಿಬಂದರು.

ಅದೇ ಹೊತ್ತಿಗೆ ಮಾನ್ವಿ ಬಸ್ಸಿನ ಕಂಡಕ್ಟರ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ, "ಟ್ರಂಕಿನ ಹಿಂದ ಅಡಗಿ ಕುಂತಾನ, ಈ ಹುಡುಗ ಯಾರವ್ರೀ? ಬಳಿ ಮಾರಾಕ ಹೊಂಟೀನಿ ಅಂತಾನ!"

ಮುನ್ನೀ ಬೀಯವರು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮೂಕಮ್ಮನನ್ನು ನೋಡಿದರು. ನಿನ್ನೆ ತಾನೇ ಬಿಟ್ಟುಕೊಟ್ಟವನನ್ನು ಇವತ್ತು ನನ್ನವನೆಂದರೆ ತಪ್ಪಾಗುತ್ತದೆಂದು ಅವರ ಅಂಜಿಕೆ. ಸತ್ತಾರ್ ಸಾಬರ ಬಾಯಿ ತುಂಬ ಬಿಸಿ ಚಹಾ ಇತ್ತು. ಅರ್ಜಿದಾರನು ಪುನಃ ಕೆಮ್ಮಿದನು.

"ಯಾರವನೂ ಅಲ್ಲಂದ್ರ ಮಾನ್ವಿ ಠಾಣೇದಾಗ ಇಳಸ್ತೀನಿ" ಎಂದು ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಆಗ ಮೂಕಮ್ಮ ಕೂಗಿದ ಕೂಗನ್ನು ಈ ಊರಿನ ಬಸ್‌ಸ್ಟ್ಯಾಂಡು ಹಿಂದೆ ಕೇಳಿರಲಿಕ್ಕಿಲ್ಲ. "ನಿಂದರಸ್ರೀ! ನನ್ನ ಮಗ ರೀ ಅಂವ! ನನ್ನ ಮಗ! ನಾ ಹಡದೀನಿ! ಯಾರ್ದೂ ಅಲ್ಲ, ನನ್ನ ಮಗ!" ಎನ್ನುತ್ತ ಧೂಳಿನಲ್ಲಿ ಬಸ್ಸಿನ ಬೆನ್ನಿಗೆ ಓಡಿದಳು. ಶೇಂಗಾ ಮಾರುವವರು ಎದ್ದು ನಿಂತರು. ಡ್ರೈವರ್ ಬ್ರೇಕ್ ಹಾಕಿದ. ಕಿಟಕಿಯಲ್ಲಿ ಮೌನಪ್ಪನ ಮುಖ ಕಾಣಿಸಿತು, ಮುಂದಿನ ಎರಡು ಹಲ್ಲು ಬಿದ್ದ ಬಾಯಿ ಕಿವಿಯವರೆಗೆ ಅಗಲವಾಗಿತ್ತು.

"ಕೇಳಸಲಿಲ್ಲ ಯವ್ವಾ," ಎಂದ. "ಇನ್ನೊಮ್ಮೆ ಅನ್ನು."

"ನನ್ನ ಮಗಾ!"

"ಇನ್ನೊಮ್ಮೆ."

"ಸಾಕಪಾ," ಎಂದ ಕಂಡಕ್ಟರ್, "ಮಾನ್ವಿತನಕ ಕೇಳಸ್ತು. ಇಳಿ."

ಅವಳು ಕಿಟಕಿಯಿಂದಲೇ ಅವನನ್ನು ಎಳೆದುಕೊಂಡು, ಮೊದಲು ಬೆನ್ನಿಗೆ ಒಂದು ಬಾರಿಸಿ, ಆಮೇಲೆ ಅಪ್ಪಿಕೊಂಡು ಅತ್ತಳು. ಮುನ್ನೀ ಬೀಯವರೂ ಅತ್ತರು. ಅರ್ಜಿದಾರನ ಕಣ್ಣಿಗೆ ಧೂಳು ಬಿದ್ದಿತ್ತೆಂದು ಮೊದಲು ಬರೆಯಲಾಗಿತ್ತು, ಅದನ್ನು ಹೊಡೆದುಹಾಕಿದೆ, ಅವನೂ ಅತ್ತನು. ಈ ಗಡಿಬಿಡಿಯಲ್ಲಿ ರಾಯಚೂರಿಗೆ ಹೋಗಬೇಕಾದ ತಮ್ಮ ಕವರು ಮಾನ್ವಿ ಬಸ್ಸಿಗೆ ಹೋಗಿರುತ್ತದೆ. ಅದರ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸಲಾಗುವುದು.

9. ಇಷ್ಟಕ್ಕೆ ಮುಗಿದಿದ್ದರೆ ತಮಗೆ ತೊಂದರೆ ಕೊಡುವ ಪ್ರಮೇಯ ಬರುತ್ತಿರಲಿಲ್ಲ. ಆದರೆ ಮನೆಗೆ ಬಂದು ಊಟಕ್ಕೆ ಕೂತಾಗ ಮೌನಪ್ಪ ಒಂದು ಸೀನು ಸೀನಿದ. ಮೂಕಮ್ಮನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು. "ಆ ವಿಧಿ ಕೇಳಿಸಿಕೊಂಡುಬಿಡ್ತು ರೀ," ಎಂದಳು, ಸೂರಿನ ಕಡೆ ನೋಡುತ್ತ. "ನಾ ಅಷ್ಟು ಜೋರು ಒದರಬಾರದಿತ್ತು." ಬಸ್ಸಿನ ಧೂಳಿಗೆ ಸೀನಿದ್ದಾನೆಂದು ಅರ್ಜಿದಾರನು ಎಷ್ಟು ಹೇಳಿದರೂ ಅವಳು ಹುಡುಗನ ಹಣೆ ಮುಟ್ಟಿ ಮುಟ್ಟಿ ನೋಡುವುದನ್ನು ಬಿಡಲಿಲ್ಲ. ಅವಳಿಗೆ ಯಾವ ಎರಡು ಮುಖ ಕಣ್ಣಿಗೆ ಬಂದವೆಂದು ಅರ್ಜಿದಾರನಿಗೆ ಗೊತ್ತು. ಅವನಿಗೂ ಅವೇ ಬಂದವು.

ಎದುರು ಮನೆಯಿಂದ ಮುನ್ನೀ ಬೀಯವರು ಬಂದು ಸಂಗತಿ ಕೇಳಿದರು. ಕೇಳಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಂಗಳದ ನಡುವೆ ನಿಂತು, ಆಕಾಶಕ್ಕೆ ಮುಖ ಮಾಡಿ ಗಟ್ಟಿಯಾಗಿ ಹೇಳಿದರು: "ಏ! ಯಾರು ಕೇಳಾಕತ್ತೀರಿ, ಕೇಳ್ರಿ! ಮೂಕಮ್ಮಗ ಬಿಸಲಿಗಿ ತಲಿ ತಿರಗಿ ಏನೇನೋ ಅಂದಾಳ. ಈ ಹುಡುಗ ನನ್ನವ! ನುಚ್ಚು ಕೊಟ್ಟು ಕೊಂಡೀನಿ! ಮೊರ ಹರದದ, ವಾಪಸ್ ಕೊಟ್ಟಿಲ್ಲ!"

ಮೂಕಮ್ಮ ಬಿದ್ದ ರೊಟ್ಟಿ ಎತ್ತಿ ಧೂಳು ಕೊಡವಿದಳು. ಅವಳಿಗೆ ಉಸಿರು ಬಂತು. ಹುಡುಗನನ್ನು ಕೇಳಲಾಗಿ, ಅವನು ಸ್ವಲ್ಪ ಯೋಚಿಸಿ, "ಅಮ್ಮೀ ಜೋರಾಗಿ ಅನ್ಲಿ. ಯವ್ವ ಸಣ್ಣಗ ಅನ್ಲಿ. ನನಗ ಎರಡೂ ನಡೀತದ" ಎಂದು ತೀರ್ಪು ಕೊಟ್ಟನು. ಅಂದಿನಿಂದ ಮೂಕಮ್ಮ ದಿನಾ ಬೆಳಿಗ್ಗೆ ಅವನ ತಲೆ ಬಾಚುವಾಗ ಬಾಗಿ ಕಿವಿಯಲ್ಲಿ ಏನೋ ಹೇಳುತ್ತಾಳೆ. ಅರ್ಜಿದಾರನಿಗೆ ಕೇಳಿಸುವುದಿಲ್ಲ. ಅದಾದ ಮೇಲೆ ಹುಡುಗ ಪುಂಡಿಪಲ್ಯ ತಿನ್ನುತ್ತಾನೆ, ಸ್ನಾನವನ್ನೂ ಮಾಡುತ್ತಾನೆ. ಹರಳೆಣ್ಣೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಆದ್ದರಿಂದ ಮತ್ತು ಮೇಲಿನ ಎಲ್ಲ ಕಾರಣಗಳಿಂದ, ತಾವು ದೊಡ್ಡ ಮನಸ್ಸು ಮಾಡಿ,

ಅ) ಮೌನಪ್ಪನು ಅಯ್ಯಣ್ಣ ಮತ್ತು ಮೂಕಮ್ಮನ ಮಗನೆಂದು ಒಂದು ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದು, ಶಿಕ್ಕಾ ಒತ್ತಿ (ಶಿಕ್ಕಾ ಒತ್ತುವಾಗ ಸಪ್ಪಳವಾಗದಂತೆ ಕೆಳಗೆ ಬಟ್ಟೆ ಹಾಸಿ), ಮಡಚಿ, ಹೆಡ್‌ಮಾಸ್ತರರಿಗೆ ತಲುಪಿಸಲು ಅರ್ಜಿದಾರನ ಕೈಗೆ ಕೊಡಬೇಕಾಗಿಯೂ;

ಆ) ಅದೇ ದಿನ ಓಣಿಯಲ್ಲಿ ಡಂಗುರ ಹೊಡೆಸಿ, ಸದರಿ ಹುಡುಗನು ಮುನ್ನೀ ಬೀಯವರ ಹುಡುಗನೆಂದೂ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿಬಂದ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದೂ ಸಾರಿಸಬೇಕಾಗಿಯೂ ಪ್ರಾರ್ಥನೆ.

ಒಂದೇ ಕಚೇರಿ ಒಂದೇ ದಿನ ಎರಡು ವಿರುದ್ಧ ಆದೇಶ ಹೊರಡಿಸುವುದು ಹೇಗೆಂದು ತಾವು ಕೇಳಬಹುದು. ಅರ್ಜಿದಾರನು ಈ ಸ್ಟೂಲಿನ ಮೇಲೆ ಹನ್ನೆರಡು ವರ್ಷದಿಂದ ಕೂತಿರುವುದರಿಂದ ಈ ಬಗ್ಗೆ ಅವನಿಗೆ ಯಾವ ಸಂಶಯವೂ ಇರುವುದಿಲ್ಲ.

ಗಂಟೆ ಬಾರಿಸಿದರೆ ಒಳಗೆ ಬರಲು ಸಿದ್ಧನಾಗಿ ಕೂತಿರುವ,
ತಮ್ಮ ವಿಶ್ವಾಸಿ,
ಅಯ್ಯಣ್ಣ, ಜವಾನ

ಲಗತ್ತುಗಳು:
1. ಹರಿದ ಮೊರ, ಎರಡು. (ಮೂರನೆಯದನ್ನು ಅತ್ತೆಯವರು ಕಟ್ಟಿಸಿಕೊಂಡು ಗೂಗಲ್‌ಗೆ ಒಯ್ದಿದ್ದಾರೆ.)
2. ಮುನ್ನೀ ಬೀಯವರ ಒಪ್ಪಿಗೆ. (ಬಾಯಿಮಾತು. ಕಿಟಕಿ ತೆರೆದರೆ ಇಲ್ಲಿಗೂ ಕೇಳಿಸುತ್ತದೆ.)
3. ಸದರಿ ಮೌನಪ್ಪ, ಖುದ್ದಾಗಿ. ಹೊರಗೆ ಸ್ಟೂಲಿನ ಮೇಲೆ ಕೂರಿಸಲಾಗಿದೆ. ದಯವಿಟ್ಟು ಅವನಿಗೆ ಪ್ರಶ್ನೆ ಕೇಳಬಾರದು.

ಪ್ರತಿಗಳು: ಯಾರಿಗೂ ಇಲ್ಲ.

ವಿಶೇಷ ಸೂಚನೆ: ಈ ಅರ್ಜಿಯನ್ನು ತಾವು ಮನಸ್ಸಿನಲ್ಲೇ ಓದಿಕೊಳ್ಳಬೇಕಾಗಿ ವಿನಂತಿ. ರೂಢಿಯಂತೆ ಈಗಾಗಲೇ ಗಟ್ಟಿಯಾಗಿ ಓದಿಬಿಟ್ಟಿದ್ದರೆ, ದಯಮಾಡಿ ಕುರ್ಚಿಯಿಂದ ಎದ್ದು, ಕಿಟಕಿಯ ಕಡೆ ತಿರುಗಿ, "ಇದೆಲ್ಲ ಸುಳ್ಳು, ಹುಡುಗ ಮುನ್ನೀ ಬೀಯವನು" ಎಂದು ಅಷ್ಟೇ ಗಟ್ಟಿಯಾಗಿ ಒಮ್ಮೆ ಹೇಳಿ ಕೂತುಕೊಳ್ಳಬೇಕು.